ಗಡಿಯಾಚೆಯ ನಮ್ಮ ದವಾಖಾನೆ, ಅದನ್ನು ಕಟ್ಟಿದ ವಾನ್ಲೆಸ್

ನಮ್ಮ ಕಡೆ ಊರಿನ ಡಾಕ್ಟರು ಕೈಚೆಲ್ಲಿದರೆಂದರೆ ಮುಂದಿನ ಮಾತು ಒಂದೇ, ಮಿರಜಿಗೆ ಒಯ್ಯಿರಿ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಎಲ್ಲ ಕಡೆಯೂ ಇದೇ ಮಾತು. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಆದರೂ ದೊಡ್ಡ ಆಪರೇಷನ್ ಎಂದರೆ ಅಲ್ಲಿನ ಹಿರಿಯರ ಬಾಯಲ್ಲೂ ಮಿರಜೇ ಬರುತ್ತಿತ್ತು. ಈಗ ನಾನು ಬೆಳಗಾವಿಯಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ದಕ್ಷಿಣದ ಜಿಲ್ಲೆಗಳಿಂದ ಬಂದ ನನ್ನ ಗೆಳತಿಯರಿಗೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಕರ್ನಾಟಕದವರು ಆಸ್ಪತ್ರೆಗೆಂದು ಮಹಾರಾಷ್ಟ್ರಕ್ಕೆ ಯಾಕೆ ಹೋಗಬೇಕು ಎಂದು ಕೇಳುತ್ತಾರೆ. ಕಾಗವಾಡದಿಂದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ, ಮಿರಜ್ ಅರ್ಧ ಗಂಟೆಯ ದಾರಿ ಎಂದು ಮೊದಮೊದಲು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ದೂರವೊಂದೇ ಕಾರಣವಾಗಿದ್ದರೆ ನಮ್ಮ ಆಯಿ ಮಿರಜಿನ ಹೆಸರು ಹೇಳುವಾಗ ಕೈಮುಗಿಯುತ್ತಿರಲಿಲ್ಲ.

ಆಯಿ ಹೇಳುವ ಕಥೆ ಹೀಗಿದೆ. ಅವಳ ಅಜ್ಜಿಗೆ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಏನೂ ಕಾಣದಂತಾಯಿತು. ಸಂತೆಗೆ ಬರುವ ವೈದ್ಯನೊಬ್ಬ ಸೂಜಿ ಹಾಕಿ ಕಣ್ಣು ಕೊಡಿಸುತ್ತೇನೆಂದ. ಮೊದಲೇ ಅವನ ಕೈಗೆ ಕಣ್ಣು ಕೊಟ್ಟಿದ್ದ ಪಕ್ಕದ ಮನೆಯಾಕೆಗೆ ಕಣ್ಣು ಕೀವುಗಟ್ಟಿ ಪೂರಾ ಹೋಗಿತ್ತು. ಅದನ್ನು ನೋಡಿದ್ದ ಮನೆಯವರು ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿಕೊಂಡು ಮಿರಜಿಗೆ ಹೋದರು. ಮುದುಕಿಯ ಕೋಲು ಹಿಡಿದು ಮುಂದೆ ನಡೆದವನು ಅವಳ ಚಿಕ್ಕ ಮಗ, ಅಂದರೆ ಆಯಿಯ ಅಪ್ಪ. ವಾನ್ಲೆಸ್ ಸಾಹೇಬ ಸ್ವತಃ ತನ್ನ ಕೈಯಿಂದ ಕಣ್ಣು ಬಿಡಿಸಿದ ಎಂಬುದು ಆಯಿಯ ಮಾತು. ಎಂಟು ದಿನ ತಲೆ ಅಲ್ಲಾಡಿಸದಂತೆ ಮಲಗಿಸಿದ್ದರಂತೆ. ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದಾಗ ಆಕೆ ಮೊದಲು ನೋಡಿದ್ದು ಮಗನ ಹರಿದ ಅಂಗಿಯನ್ನಂತೆ. ಮಗನನ್ನು ಹೀಗೆ ಕರೆತಂದಿರಾ ಎಂದು ಎಲ್ಲರನ್ನೂ ಬೈದಳಂತೆ.

ಈ ಸಾಹೇಬ ಯಾರೆಂದು ಹುಡುಕಲು ಕುಳಿತದ್ದು ಹೋದ ವರ್ಷ, ನರ್ಸಿಂಗ್ ಇತಿಹಾಸದ ಅಸೈನ್‌ಮೆಂಟ್ ನೆಪದಲ್ಲಿ. ತರಗತಿಯಲ್ಲಿ ಎಲ್ಲರೂ ಫ್ಲಾರೆನ್ಸ್ ನೈಟಿಂಗೇಲ್ ಬರೆದರು. ನಾನು ನಮ್ಮ ಪಕ್ಕದೂರಿನವರನ್ನು ಬರೆದೆ.

ಪಕ್ಕದೂರಿನವರೆಂದರೂ ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಚಾರ್ಲ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ, 1865ರ ಮೇ 1ರಂದು. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ 1889ರಲ್ಲಿ ಪದವಿ ಪಡೆದರು. ಅದೇ ವರ್ಷ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಪತ್ನಿ ಮೇರಿಯೊಂದಿಗೆ ಭಾರತಕ್ಕೆ ಹೊರಟರು. ಮೇರಿ ತರಬೇತಿ ಪಡೆದ ನರ್ಸ್. ಆಗ ವಾನ್ಲೆಸ್‌ಗೆ 24 ವರ್ಷ. ನಮ್ಮ ಕಾಲೇಜಿನಲ್ಲಿ ಹೌಸ್‌ಮನ್ ಆಗಿ ಓಡಾಡುವ ಡಾಕ್ಟರುಗಳದೂ ಹೆಚ್ಚು ಕಡಿಮೆ ಅದೇ ವಯಸ್ಸು. ಮೇಲೆ ಕೇಳಲು ಸೀನಿಯರ್ ಇಲ್ಲ, ಪಕ್ಕದಲ್ಲಿ ಲ್ಯಾಬ್ ಇಲ್ಲ, ಎದುರಿಗಿರುವ ರೋಗಿಯ ಭಾಷೆ ಬರುವುದಿಲ್ಲ. ಅಂಥ ಜಾಗಕ್ಕೆ ಬಂದಿಳಿದರು.

ಕೊಲ್ಲಾಪುರದಲ್ಲಿ ಈ ಮಿಷನ್ 1852ರಿಂದಲೇ ಇತ್ತು. ವಾನ್ಲೆಸ್ ಮೊದಲು ಕುಳಿತದ್ದು ಸಾಂಗಲಿಯಲ್ಲಿ, ಒಂದು ಚಿಕ್ಕ ಔಷಧಾಲಯ ಇಟ್ಟುಕೊಂಡು. ಮರಾಠಿ ಕಲಿತರು. ಆದರೆ ಆಸ್ಪತ್ರೆ ಕಟ್ಟಲು ಆರಿಸಿದ್ದು ಮಿರಜನ್ನು. ನನ್ನ ಪ್ರಕಾರ ಇಡೀ ಕಥೆಯ ಗುಟ್ಟು ಈ ಆಯ್ಕೆಯಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪುಣೆಯಿಂದ ಬೆಳಗಾವಿ ಹಾದು ಲೋಂಡಾಕ್ಕೆ ಹೋಗುವ ಸದರ್ನ್ ಮರಾಠಾ ರೈಲ್ವೆಯ ಹಳಿ ಆಗಷ್ಟೇ ಬಿದ್ದಿತ್ತು. 1891ರಲ್ಲಿ ಕೊಲ್ಲಾಪುರದಿಂದಲೂ ಮಿರಜಿಗೆ ರೈಲು ಬಂತು. ಮಿರಜ್ ಜಂಕ್ಷನ್ ಆಯಿತು. ನಮ್ಮ ನಕಾಶೆಯನ್ನು ಒಮ್ಮೆ ನೆನೆಸಿಕೊಳ್ಳಿ. ಅಥಣಿ, ಕಾಗವಾಡಗಳು ಕೃಷ್ಣೆಯ ಒಂದು ದಂಡೆಗೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಇನ್ನೊಂದು ದಂಡೆಗೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಈ ದಂಡೆಯ ರೋಗಿ ಆ ದಂಡೆಯ ವೈದ್ಯನಿಗೆ ಇಲ್ಲ. ಕುಡಚಿಯ ಹತ್ತಿರ ಕೃಷ್ಣೆಗೆ ರೈಲ್ವೆ ಸೇತುವೆಯಾದ ಮೇಲೆ ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ ಎಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡವು. ಆ ದಾರದ ತುದಿಗೆ ಮಿರಜ್. ಅಥಣಿಯವರು ಚಕ್ಕಡಿಯಲ್ಲಿ ಶೇಡಬಾಳಕ್ಕೋ ಉಗಾರಕ್ಕೋ ಬಂದರೆ ಸಾಕು, ಮುಂದಿನದು ರೈಲು. ನಿಪ್ಪಾಣಿಯವರು ಪುಣೆ ರಸ್ತೆ ಹಿಡಿದು ಕೊಲ್ಲಾಪುರಕ್ಕೆ ಹೋಗಿ ಅಲ್ಲಿಂದ ಗಾಡಿ ಹತ್ತಬಹುದು. ಆಂಬುಲೆನ್ಸ್ ಎಂಬ ಶಬ್ದವೇ ಇಲ್ಲದ ಕಾಲದಲ್ಲಿ ನಮ್ಮ ತಾಲೂಕುಗಳಿಗೆ ರೈಲೇ ಆಂಬುಲೆನ್ಸ್ ಆಯಿತು.

ಮಿರಜ್ ಆಗ ಪಟವರ್ಧನರ ಸಂಸ್ಥಾನ. ಆಸ್ಪತ್ರೆಗೆ ಜಾಗ ಅಲ್ಲಿನ ಅರಸರಿಂದ ಸಿಕ್ಕಿತು. ಕಟ್ಟಡಕ್ಕೆ ಹಣ ಬಂದದ್ದು ಅಮೆರಿಕದ ಫಿಲಡೆಲ್ಫಿಯಾದಿಂದ, ಜಾನ್ ಕಾನ್ವರ್ಸ್ ಎಂಬವರಿಂದ. ಅವರು ರೈಲು ಎಂಜಿನ್ ತಯಾರಿಸುವ ಬಾಲ್ಡ್‌ವಿನ್ ಕಾರ್ಖಾನೆಯ ಒಡೆಯರಲ್ಲೊಬ್ಬರು. ರೈಲಿನ ದುಡ್ಡು ರೈಲು ಮುಟ್ಟುವ ಊರಿಗೇ ಬಂದದ್ದು ಕಾಕತಾಳೀಯ ಇರಬಹುದು, ಆದರೂ ನನಗೆ ಖುಷಿ ಕೊಟ್ಟ ಸಂಗತಿ. 1894ರಲ್ಲಿ ಆಸ್ಪತ್ರೆ ತೆರೆಯಿತು.

ಆಗಿನ ಶಸ್ತ್ರಚಿಕಿತ್ಸೆ ಎಂಥದ್ದಿತ್ತು ಎಂಬುದನ್ನು ನಾವೀಗ ಊಹಿಸುವುದೂ ಕಷ್ಟ. ಕ್ಲೋರೋಫಾರ್ಮ್ ಇತ್ತು. ಕಾರ್ಬಾಲಿಕ್ ಆಮ್ಲದಲ್ಲಿ ಉಪಕರಣ ತೊಳೆದರೆ ಗಾಯ ಕೀವಾಗುವುದು ಕಡಿಮೆ ಎಂದು ಲಿಸ್ಟರ್ ತೋರಿಸಿಕೊಟ್ಟು ಇನ್ನೂ ಮೂವತ್ತು ವರ್ಷವೂ ಆಗಿರಲಿಲ್ಲ. ಕಣ್ಣಿಗೆ ಕೊಕೇನ್ ಹನಿ ಹಾಕಿದರೆ ನೋವು ತಿಳಿಯುವುದಿಲ್ಲ ಎಂಬುದು ಗೊತ್ತಾಗಿ ಹತ್ತೇ ವರ್ಷ. ಪೆನ್ಸಿಲಿನ್ ಇಲ್ಲ, ರಕ್ತದ ಬ್ಯಾಂಕ್ ಇಲ್ಲ. ನಮ್ಮ ಕಡೆ ಮೋತಿಬಿಂದು ವಿಪರೀತ, ಮೂತ್ರಕೋಶದ ಕಲ್ಲೂ ಸಾಮಾನ್ಯ. ಸಂತೆಯ ವೈದ್ಯ ಸೂಜಿಯಿಂದ ಮಾಡುತ್ತಿದ್ದದ್ದು ಮಸುಕಾದ ಮಸೂರವನ್ನು ಕಣ್ಣಿನೊಳಗೇ ಹಿಂದಕ್ಕೆ ತಳ್ಳುವುದು. ಎರಡು ದಿನ ಬೆಳಕು ಕಾಣುತ್ತದೆ, ಕೂಲಿ ಇಸಿದುಕೊಂಡು ಆತ ಮುಂದಿನ ಸಂತೆಗೆ ಹೋಗುತ್ತಾನೆ, ಆಮೇಲೆ ಕಣ್ಣು ಹಾಳಾದರೆ ಕೇಳುವವರಿಲ್ಲ. ವಾನ್ಲೆಸ್ ಮಾಡುತ್ತಿದ್ದದ್ದು ಆ ಮಸೂರವನ್ನೇ ಹೊರತೆಗೆಯುವುದು. ಇಂದಿನ ಹಾಗೆ ಒಳಗೆ ಹೊಸ ಮಸೂರ ಕೂರಿಸುವುದು ಆಗ ಇರಲಿಲ್ಲ. ಅದಕ್ಕೇ ಶೀಸೆಯ ತಳದಂಥ ಆ ದಪ್ಪ ಕನ್ನಡಕ. ಹೊಲಿಗೆಯ ಅನುಕೂಲವೂ ಈಗಿನಷ್ಟಿರಲಿಲ್ಲವಾದ್ದರಿಂದ ಗಾಯ ಕೂಡಿಕೊಳ್ಳುವ ತನಕ ರೋಗಿ ತಲೆ ಹೊರಳಿಸುವಂತಿಲ್ಲ. ಆಯಿಯ ಕಥೆಯ ಎಂಟು ದಿನ ಸುಳ್ಳಲ್ಲ ಎಂದು ನನಗೆ ತಿಳಿದದ್ದು ಇದನ್ನು ಓದಿದಾಗ.

ಕಣ್ಣು ಕಂಡವರು ಊರಿಗೆ ಮರಳಿ ಬಂದರು. ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಕೋಲು ಹಿಡಿದು ಹೋದವನು ಕೋಲು ಬಿಟ್ಟು ಬಂದರೆ ಸುತ್ತಲಿನ ಹತ್ತು ಹಳ್ಳಿಗೆ ಸುದ್ದಿ. ವರ್ಷಗಳು ಕಳೆದಂತೆ ಹೆಸರು ದೂರ ದೂರಕ್ಕೆ ಹೋಯಿತು. ಸಂಸ್ಥಾನಿಕರು, ಸಾಹುಕಾರರು ಬಂದರು. ಕೊಲ್ಲಾಪುರದ ಶಾಹೂ ಮಹಾರಾಜರಿಗೂ ಈ ವೈದ್ಯರ ಮೇಲೆ ವಿಶ್ವಾಸವಿತ್ತು. ಉಳ್ಳವರಿಂದ ಶುಲ್ಕ ತೆಗೆದುಕೊಂಡು ಆ ಹಣದಿಂದ ಇಲ್ಲದವರ ಖರ್ಚು ನಡೆಸುವುದು ವಾನ್ಲೆಸ್ ಲೆಕ್ಕಾಚಾರ. ಬರೀ ಹೊರದೇಶದ ದಾನ ನಂಬಿದ ಆಸ್ಪತ್ರೆಗಳು ದಾನ ನಿಂತಾಗ ಒಣಗುತ್ತವೆ. ಈ ಲೆಕ್ಕಾಚಾರ ಗೊತ್ತಿದ್ದರಿಂದಲೇ ಮಿರಜಿನದು ಬೆಳೆಯಿತು.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ವಾನ್ಲೆಸ್ ಬಂದದ್ದು ಧರ್ಮಪ್ರಚಾರಕ್ಕೆ. ಔಷಧಿ ಅದರ ದಾರಿ ಎಂದು ಅವರ ಮಿಷನ್ ಮುಚ್ಚಿಟ್ಟಿರಲಿಲ್ಲ. ಆಗಿನ ಮಿಷನ್ ದವಾಖಾನೆಗಳಲ್ಲಿ ಪ್ರಾರ್ಥನೆ, ಬೈಬಲ್ ಓದು ದಿನದ ಕೆಲಸದ ಭಾಗ. ಈಗ ಕುಳಿತು ಯೋಚಿಸಿದರೆ ಕಾಯಿಲೆ ಬಿದ್ದು ಮಲಗಿದವನ ಮುಂದೆ ಪ್ರಚಾರ ಮಾಡುವುದು ನನಗೆ ಸರಿ ಎನಿಸುವುದಿಲ್ಲ. ನಮ್ಮ ಹಿರಿಯರು ಮಾತ್ರ ಅದಕ್ಕೆ ಹೆಚ್ಚು ತಲೆಕೆಡಿಸಿಕೊಂಡಂತಿಲ್ಲ. ಲಿಂಗಾಯತರು, ಜೈನರು, ಮುಸ್ಲಿಮರು, ಮರಾಠರು ಎಲ್ಲ ಹೋದರು, ಹಾಡು ಕೇಳಿದರು, ಕಣ್ಣು ಮಾಡಿಸಿಕೊಂಡು ತಮ್ಮ ದೇವರ ಹೆಸರು ಹೇಳುತ್ತಲೇ ವಾಪಸು ಬಂದರು. ನಮ್ಮ ಆಯಿಯ ಅಜ್ಜಿಯಂತೂ ಕೊರಳ ಲಿಂಗ ತೆಗೆಯದೆಯೇ ಆಪರೇಷನ್ ಮೇಜಿನ ಮೇಲೆ ಮಲಗಿದ್ದಳಂತೆ. ಊರಲ್ಲಿ ಬಾವಿಯ ನೀರೂ ಮುಟ್ಟಗೊಡದ ಜನರ ನಡುವಿನಿಂದ ಬಂದವರಿಗೆ ಅಲ್ಲಿ ಎಲ್ಲರಿಗಿರುವ ಹಾಸಿಗೆಯೇ ಸಿಕ್ಕಿತೆನ್ನುವುದೂ ಸಣ್ಣ ಸಂಗತಿಯಲ್ಲ.

ಇಷ್ಟಾಗಿದ್ದರೆ ವಾನ್ಲೆಸ್ ಒಬ್ಬ ಒಳ್ಳೆಯ ಸರ್ಜನ್, ಅಷ್ಟೆ. ಅಂಥವರು ಬಹಳ ಜನ ಬಂದಿದ್ದಾರೆ, ಹೋಗಿದ್ದಾರೆ. ಅವರು ಬೇರೆಯಾಗುವುದು 1897ರಲ್ಲಿ. ಆಸ್ಪತ್ರೆ ತೆರೆದು ಮೂರನೇ ವರ್ಷಕ್ಕೆ ಅವರು ಮಿರಜಿನಲ್ಲಿ ವೈದ್ಯಕೀಯ ಶಾಲೆ ಆರಂಭಿಸಿದರು. ದೊಡ್ಡ ಕಾಲೇಜಲ್ಲ, ವೈದ್ಯ ಸಹಾಯಕರನ್ನು ತಯಾರು ಮಾಡುವ ತರಗತಿ. ಶಾಲೆ ಓದಿದ ಹುಡುಗರನ್ನು ಕರೆದು ಶರೀರರಚನೆಯಿಂದ ಹಿಡಿದು ಆಪರೇಷನ್ ಮೇಜಿನ ತನಕ ಕಲಿಸಿದರು. ದಿನವಿಡೀ ರೋಗಿಗಳ ಸಾಲು, ಅದರ ನಡುವೆ ಪಾಠ. ಸಾಲಿನ ಕೊನೆಯಲ್ಲಿ ನಿಂತ ರೋಗಿಗೆ ಇದು ಸಿಟ್ಟು ತರಿಸಿರಬಹುದು. ಆದರೆ ಒಬ್ಬ ಮನುಷ್ಯನ ಎರಡು ಕೈ ಎಷ್ಟು ಕಣ್ಣು ಬಿಡಿಸಬಲ್ಲವು? ಅಲ್ಲಿ ಕಲಿತವರು ದೇಶದ ಬೇರೆ ಬೇರೆ ಕಡೆಯ ಮಿಷನ್ ಆಸ್ಪತ್ರೆಗಳಿಗೆ ಹೋದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದದ್ದು 1918ರಲ್ಲಿ. ಮಿರಜಿನ ಈ ಶಾಲೆ ಅದಕ್ಕಿಂತ ಇಪ್ಪತ್ತು ವರ್ಷ ಮೊದಲಿನದು. ವೆಲ್ಲೂರು ಎಲ್ಲರಿಗೂ ಗೊತ್ತು, ಮಿರಜ್ ಗೊತ್ತಿಲ್ಲ. ನರ್ಸ್‌ಗಳ ತರಬೇತಿಯೂ ಇಲ್ಲಿ ಬೇರೂರಿತು. ಗಂಡುಹುಡುಗರಿಗೆ ಡಾಕ್ಟರ ಕೆಲಸ, ಹೆಣ್ಣುಮಕ್ಕಳಿಗೆ ನರ್ಸ್ ಕೆಲಸ ಎಂದು ಹಂಚಿಕೊಂಡದ್ದು ಆ ಕಾಲದ ರೀತಿ ಎಂದುಕೊಳ್ಳುತ್ತೇನೆ, ಒಪ್ಪಿಕೊಳ್ಳುವುದಿಲ್ಲ.

ಅದೇ ಹೊತ್ತಿಗೆ ಮುಂಬೈ ಪ್ರಾಂತ್ಯಕ್ಕೆ ಪ್ಲೇಗ್ ಬಂತು. ಅದರ ಬೆನ್ನಿಗೇ 1899-1900ರ ಭೀಕರ ಬರ. ಬೀದಿಗೆ ಬಿದ್ದವರಲ್ಲಿ ಕುಷ್ಠರೋಗಿಗಳೂ ಇದ್ದರು, ಮನೆಯವರೂ ಸೇರಿಸದ ಜನ. ಅವರಿಗಾಗಿ 1900ರಲ್ಲಿ ಮಿರಜಿನ ಹೊರಗೆ ಒಂದು ಆಶ್ರಯ ಶುರುವಾಯಿತು. ಮುಂದೆ ಅದು ರಿಚರ್ಡ್‌ಸನ್ ಕುಷ್ಠರೋಗ ಆಸ್ಪತ್ರೆ ಎಂದು ಹೆಸರಾಯಿತು. ಆಗ ಆ ರೋಗಕ್ಕೆ ಗುಣವಾಗುವ ಮದ್ದೇ ಇರಲಿಲ್ಲ. ಕೊಡಬಹುದಾಗಿದ್ದದ್ದು ಚಾಲಮೊಗ್ರ ಎಣ್ಣೆ, ಒಂದು ಸೂರು, ಊಟ, ಹುಣ್ಣು ತೊಳೆಯುವ ಕೈ.

1906ರಲ್ಲಿ ಮೇರಿ ತೀರಿಕೊಂಡರು. ಹದಿನೇಳು ವರ್ಷ ಈ ನೆಲದಲ್ಲಿ ದುಡಿದ ಆ ನರ್ಸ್ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಎಲ್ಲೂ ಓದಲು ಸಿಗದೆ ನನಗೆ ಬೇಸರವಾಯಿತು. ಹೆಸರೇನೋ ಉಳಿದಿದೆ. ಕೊಲ್ಲಾಪುರದ ಮಿಷನ್ ಆಸ್ಪತ್ರೆ ಮೇರಿ ವಾನ್ಲೆಸ್ ಆಸ್ಪತ್ರೆಯಾಗಿದೆ. ಮರುವರ್ಷ ವಾನ್ಲೆಸ್ ಲಿಲಿಯನ್ ಹೇವನ್ಸ್ ಅವರನ್ನು ಮದುವೆಯಾದರು. ಗಂಡನ ಜೀವನಚರಿತ್ರೆಯನ್ನು 1944ರಲ್ಲಿ ಬರೆದು ಪ್ರಕಟಿಸಿದವರು ಇವರೇ.

1920ರ ಹೊತ್ತಿಗೆ ವಾನ್ಲೆಸ್ ಕಣ್ಣು ಕ್ಷಯದ ಕಡೆ ಹೊರಳಿತು. ಅದಕ್ಕೂ ಆಗ ಔಷಧಿ ಇಲ್ಲ, ಸ್ಟ್ರೆಪ್ಟೊಮೈಸಿನ್ ಬರುವುದು 1940ರ ದಶಕದಲ್ಲಿ. ಒಣ ಗಾಳಿ, ಬಿಸಿಲು, ಒಳ್ಳೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಮನೆಯಲ್ಲಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ರೋಗಕ್ಕೆ ಬೇರೆ ಇರುವ ಜಾಗವೇ ಅರ್ಧ ಮದ್ದು. ಮಿರಜ್ ಮತ್ತು ಸಾಂಗಲಿ ನಡುವಿನ ಬಯಲಿನಲ್ಲಿ ಕ್ಷಯ ಆರೋಗ್ಯಧಾಮ ಎದ್ದಿತು. ಆ ಜಾಗ ಇವತ್ತಿಗೂ ವಾನ್ಲೆಸ್‌ವಾಡಿ. ಬಸ್ಸಿನಲ್ಲಿ ಕಂಡಕ್ಟರ್ ಆ ಹೆಸರು ಕೂಗಿದಾಗ ಇಳಿಯುವವರಲ್ಲಿ ಎಷ್ಟು ಮಂದಿಗೆ ಅದೊಬ್ಬ ಮನುಷ್ಯನ ಹೆಸರೆಂದು ಗೊತ್ತಿದೆಯೋ!

ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು, 1928ರಲ್ಲಿ ಸರ್ ಪದವಿಯನ್ನೂ ಕೊಟ್ಟಿತು. ಅದೇ ವರ್ಷ ನಿವೃತ್ತರಾದರು. ಬಂದು 39 ವರ್ಷವಾಗಿತ್ತು. ಆಸ್ಪತ್ರೆಯ ಹೊಣೆ ಅವರೊಡನೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಡಾ. ಚಾರ್ಲ್ಸ್ ವೇಲ್ ಅವರಿಗೆ ಹೋಯಿತು. ಭಾರತದ ತಮ್ಮ ಅನುಭವವನ್ನು ವಾನ್ಲೆಸ್ 1932ರಲ್ಲಿ ಪುಸ್ತಕ ಮಾಡಿದರು. 1933ರ ಮಾರ್ಚ್ 3ರಂದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ತೀರಿಕೊಂಡರು.

ಈ ತಾರೀಖು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ನನಗೆ ಆಯಿಯ ಕಥೆ ನೆನಪಾಯಿತು. ರಜೆಗೆ ಊರಿಗೆ ಹೋದಾಗ ಹಳೆಯ ಟ್ರಂಕು ತೆಗೆದೆ. ಆಯಿಯ ಅಪ್ಪನ ಶಾಲೆ ಬಿಟ್ಟ ದಾಖಲೆ ಅದರಲ್ಲಿದೆ, ಮಡಿಕೆಗಳಲ್ಲಿ ಹರಿದಿದೆ. ಹುಟ್ಟಿದ್ದು 1924. ಅವ್ವನ ಕೋಲು ಹಿಡಿದು ಮಿರಜಿಗೆ ಹೋದದ್ದರಿಂದ ಮೂರನೇ ಇಯತ್ತೆಯ ಪರೀಕ್ಷೆ ತಪ್ಪಿತೆಂದು ಅವರು ಸಾಯುವ ತನಕ ಹೇಳುತ್ತಿದ್ದರಂತೆ. ಮೂರನೇ ಇಯತ್ತೆ ಮುಗಿಸಿದ್ದು ಮಾತ್ರ ಒಂದು ವರ್ಷ ತಡವಾಗಿ, 1935ರಲ್ಲಿ. ಅಂದರೆ ಆಪರೇಷನ್ ಆದದ್ದು 1934ರಲ್ಲಿ. ಅಷ್ಟೊತ್ತಿಗೆ ವಾನ್ಲೆಸ್ ತೀರಿಕೊಂಡು ವರ್ಷ ದಾಟಿತ್ತು.

ಹಾಗಾದರೆ ಆ ಕಣ್ಣು ಬಿಡಿಸಿದವರು ಯಾರು? ವೇಲ್ ಇರಬಹುದು. ಅಥವಾ ಮಿರಜಿನಲ್ಲೇ ಕಲಿತ ನಮ್ಮವರೇ ಯಾರೋ ಇರಬಹುದು. ಯಾರೇ ಆಗಿರಲಿ, ಎಂಟು ದಿನ ಪಕ್ಕದಲ್ಲಿ ನಿಂತು ಮುದುಕಿ ತಲೆ ಹೊರಳಿಸದಂತೆ ನೋಡಿಕೊಂಡವರು ನರ್ಸ್‌ಗಳು. ಮೊದಲು ನನಗೆ ಕಥೆ ಒಡೆದುಹೋಯಿತು ಎಂದು ಬೇಜಾರಾಯಿತು. ಆಮೇಲೆ ಹೊಳೆಯಿತು, 1897ರಲ್ಲಿ ತರಗತಿ ತೆರೆದದ್ದು ಈ ದಿನಕ್ಕಾಗಿಯೇ ಅಲ್ಲವೇ ಎಂದು. ಡಾಕ್ಟರು ಹೋದ ಮೇಲೂ ಊರಿನವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಜನ ದವಾಖಾನೆಯನ್ನೂ ವಾನ್ಲೆಸ್ ಎಂದರು, ಅಲ್ಲಿನ ಪ್ರತಿ ಡಾಕ್ಟರನ್ನೂ ವಾನ್ಲೆಸ್ ಎಂದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳು ಹೋದವು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು, ಮಿರಜ್ ಆಚೆಗೆ ಉಳಿಯಿತು. 1962ರಲ್ಲಿ ಮಿರಜಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದಾಗ ಅದರ ವಿದ್ಯಾರ್ಥಿಗಳು ರೋಗಿಗಳ ಪಕ್ಕ ನಿಂತು ಕಲಿತದ್ದು ವಾನ್ಲೆಸ್ ಆಸ್ಪತ್ರೆಯಲ್ಲೇ. ಅಲ್ಲಿ ಓದಿದವರು ಸುತ್ತಲೇ ನರ್ಸಿಂಗ್ ಹೋಮ್ ಇಟ್ಟರು. ಇಂದು ಮಿರಜಿನ ಬೀದಿಗಳಲ್ಲಿ ಸಿತಾರ್ ಮಾಡುವವರ ಅಂಗಡಿ ಬಿಟ್ಟರೆ ಕಣ್ಣಿಗೆ ಬೀಳುವುದು ಆಸ್ಪತ್ರೆಯ ಬೋರ್ಡುಗಳೇ. ಎಷ್ಟೋ ಬೋರ್ಡುಗಳ ಮೇಲೆ ಕನ್ನಡವೂ ಇದೆ, ಗಿರಾಕಿ ಯಾರೆಂದು ಅವರಿಗೆ ಗೊತ್ತು. ನಮ್ಮ ಕಡೆ 1963ರಲ್ಲಿ ಬೆಳಗಾವಿಗೆ ಮೆಡಿಕಲ್ ಕಾಲೇಜು ಬಂತು. ತಾಲೂಕು ಆಸ್ಪತ್ರೆಗಳಾದವು. ಆದರೂ ಗಂಭೀರ ಎಂದ ಕೂಡಲೇ ಕಾಗವಾಡದ ಗಾಡಿ ತಿರುಗುವುದು ಮಿರಜಿನ ಕಡೆಗೇ.

ಅದು ಎಷ್ಟು ತೆಳುವಾದ ದಾರ ಎಂಬುದು ಲಾಕ್‌ಡೌನ್‌ನಲ್ಲಿ ಗೊತ್ತಾಯಿತು. ಗಡಿಯ ರಸ್ತೆ ಬಂದ್ ಆಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಆಚೆ ಹೋಗುತ್ತಿದ್ದ ನಮ್ಮ ಓಣಿಯ ಮಾಮಾ ಒಬ್ಬರನ್ನು ಒಂದು ದಿನ ನಾಕಾದಿಂದ ವಾಪಸು ಕಳಿಸಿದರು. ಪಾಸ್ ಬೇಕು ಎಂದರು. ಪಾಸ್ ಬಂದದ್ದು ಮೂರು ದಿನದ ಮೇಲೆ. ಊದಿಕೊಂಡ ಕಾಲು ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ಅವರ ಮುಖ ನನಗೆ ಇನ್ನೂ ಮರೆತಿಲ್ಲ. ನಾಕಾದಲ್ಲಿ ನಿಂತ ಹುಡುಗನೂ ನಮ್ಮ ಕಡೆಯವನೇ, ಅವನನ್ನು ಬೈದು ಫಲವಿಲ್ಲ. ನಾನು ನರ್ಸಿಂಗ್ ಫಾರ್ಮ್ ತುಂಬಿದ್ದು ಅದಾದ ಮೇಲೆ. ಡಯಾಲಿಸಿಸ್ ಯಂತ್ರ ಈಗ ತಾಲೂಕು ಮಟ್ಟದಲ್ಲೂ ಸಿಗುತ್ತದೆ. ಯಂತ್ರ ನಡೆಸುವ ಕೈ ಸಿಗುವುದೇ ಕಷ್ಟ ಎಂದು ಅಲ್ಲಿ ಕೆಲಸ ಮಾಡುವ ಅಕ್ಕಂದಿರು ಹೇಳುತ್ತಾರೆ. ಕೋರ್ಸು ಮುಗಿದ ಮೇಲೆ ಬೆಂಗಳೂರು, ಪುಣೆ, ದುಬೈ ಎಂದು ನನ್ನ ತರಗತಿಯಲ್ಲಿ ಲೆಕ್ಕ ನಡೆಯುತ್ತಲೇ ಇರುತ್ತದೆ. ನಾನೂ ಆ ಲೆಕ್ಕ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ಬರೆದು ಆಯಿಗೆ ಓದಿ ಹೇಳಿದೆ. 1933, 1934 ಎಂದು ಬೆರಳು ಮಡಿಚಿ ಲೆಕ್ಕ ತೋರಿಸಿದೆ. ಪೂರಾ ಕೇಳಿದಳು. ನಿನ್ನ ಪುಸ್ತಕದಾಗ ತಪ್ಪ ಬರದಾರ ಎಂದಳು. ಎದ್ದು ಹೋಗಿ ದೇವರ ಮಾಡದ ಪಕ್ಕದ ಡಬ್ಬಿಯಿಂದ ಅಜ್ಜಿಯ ಕನ್ನಡಕ ತಂದಳು. ಒಂದು ಕಾಲು ಮುರಿದು ಅಲ್ಲಿ ದಾರ ಕಟ್ಟಿದೆ. ಸೆರಗಿನಿಂದ ಗಾಜು ಒರೆಸಿ ನನ್ನ ಕೈಗೆ ಕೊಟ್ಟು, ಹಾಕ್ಕೊಂಡು ನೋಡು ಅಂದಳು. ಹಾಕಿಕೊಂಡೆ. ನನಗೆ ಎಲ್ಲ ಮಂಜು ಮಂಜಾಗಿ ಕಂಡಿತು.